ಧೈರ್ಯ ಹೇಳಿ ಬರುವುದು

ಸೋತು ಕುಳಿತವರ ವಿಷಯ ಬಂದಾಗಲೆಲ್ಲ ಈಗ ಮೊದಲು ಕೇಳಿಬರುವ ಪದ ‘ಆತ್ಮವಿಶ್ವಾಸ’. ಬೆಳೆಸಿಕೊಳ್ಳಿ, ಹೆಚ್ಚಿಸಿಕೊಳ್ಳಿ, ಮರಳಿ ಗಳಿಸಿಕೊಳ್ಳಿ ಎನ್ನುತ್ತಾರೆ. ಈ ಕ್ರಿಯಾಪದಗಳಿಗೆಲ್ಲ ‘ಕೊಳ್ಳು’ ಅಂಟಿಕೊಂಡಿರುತ್ತದೆ, ಎಂದರೆ ಬಿದ್ದವರೇ ತಮ್ಮೊಳಗಿನಿಂದ ಎದ್ದು ಬರಬೇಕು. ಆದರೆ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಮಾತಿನಲ್ಲಿ, ಅದು ಕನ್ನಡವಾಗಲಿ ತುಳುವಾಗಲಿ, ಇಂಥ ಹೊತ್ತಿಗೆ ಒದಗುವ ಪದ ‘ಧೈರ್ಯ’. ಸಂಸ್ಕೃತದ ‘ಧೀರ’ದಿಂದ ಬಂದ ಇದಕ್ಕೆ ಮೂಲದಲ್ಲಿ ಅಲುಗಾಡದಿರುವಿಕೆ ಎಂಬ ಅರ್ಥವಿದೆ. ನಮ್ಮ ಜನ ಅದನ್ನು ಕೈಯಿಂದ ಕೈಗೆ ದಾಟಿಸಬಹುದಾದ ವಸ್ತುವಾಗಿ ಮಾಡಿಕೊಂಡರು. ಧೈರ್ಯ ಕೊಡುತ್ತೇವೆ, ತುಂಬುತ್ತೇವೆ. ‘ಒಮ್ಮೆ ಹೋಗಿ ಧೈರ್ಯ ಹೇಳಿ ಬಾ’ ಎಂದು ಮನೆಯ ಹಿರಿಯರು ಕಳುಹಿಸುತ್ತಾರೆ. ‘ಅಣ್ಣ ಇದ್ದಾನಲ್ಲ, ಅದೊಂದು ಧೈರ್ಯ’ ಎಂದಾಗ ಮನುಷ್ಯನೇ ಧೈರ್ಯವಾಗಿಬಿಡುತ್ತಾನೆ. ‘ಧೈರ್ಯ ಮಾಡು’, ‘ಧೈರ್ಯ ತಂದುಕೋ’ ಎಂಬ ಪ್ರಯೋಗಗಳೂ ಇವೆಯಲ್ಲ ಎನ್ನಬಹುದು. ಇವೆ. ಆದರೆ ಇವನ್ನೂ ಹೆಚ್ಚಾಗಿ ಪಕ್ಕದಲ್ಲಿ ಕುಳಿತ ಇನ್ನೊಬ್ಬರೇ ಹೇಳುತ್ತಾರೆ. ಪತ್ರಿಕೆಗಳು ‘ವಿದ್ಯಾರ್ಥಿಗಳಲ್ಲಿ ಆತ್ಮವಿಶ್ವಾಸ ತುಂಬಿದರು’ ಎಂದು ಬರೆಯುವಾಗ ಹೊಸ ಪದವೂ ಹಳೆಯ ಪದದ ಕ್ರಿಯಾಪದವನ್ನೇ ಎರವಲು ಪಡೆಯುತ್ತದೆ. ಪೆಟ್ಟು ತಿಂದವರಿಗೆ ತಮ್ಮ ಮೇಲಿನ ನಂಬಿಕೆ ಮೊದಲು ಇನ್ನೊಬ್ಬರ ಕಡೆಯಿಂದ ಬರುತ್ತದೆ, ಒಳಗೆ ಬೇರು ಬಿಡುವುದು ಆಮೇಲೆ ಎಂದು ನಾನು ವಾದಿಸುವುದಕ್ಕೆ ಈ ಪದದ ಬಳಕೆಯೇ ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ತುಳುನಾಡು ದೈವವೆಂದು ನಂಬುವ ಸಿರಿಯ ಕಥೆ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು, ಎಂದರೆ ಅವಳ ತುಳು ಹಾಡುಗಥೆಯನ್ನು, ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ಜಾನಪದ ವಿದ್ವಾಂಸರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿಕೊಂಡರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಸಿರಿಗೆ ಬಂದ ಕಷ್ಟ ಒಂದೆರಡಲ್ಲ. ಗಂಡ ಕಾಂತು ಪೂಂಜ ಇನ್ನೊಬ್ಬಳು ಉಟ್ಟ ಸೀರೆಯನ್ನು ಬಸುರಿ ಸಿರಿಯ ಬಯಕೆಯ ಶಾಸ್ತ್ರಕ್ಕೆ ತರುತ್ತಾನೆ. ಸಾಕಿದ ಅಜ್ಜ ತೀರಿಕೊಂಡ ಮೇಲೆ ಸತ್ಯನಾಪುರದ ಆಸ್ತಿಯೂ ಕೈತಪ್ಪುತ್ತದೆ. ಅವಳು ಆ ಮದುವೆಯನ್ನು ಮುರಿದುಕೊಂಡು ಹೊರಡುತ್ತಾಳೆ, ಮುಂದೆ ಕೊಡ್ಸರಾಳ್ವನ ಕೈ ಹಿಡಿಯುತ್ತಾಳೆ. ಮೊದಲು ಎದುರು ನಿಂತ ಸವತಿ ಸಾಮು ಕೊನೆಗೆ ತಂಗಿಯಂತೆ ಕೂಡಿಕೊಳ್ಳುತ್ತಾಳೆ. ಸಿರಿ ಜಾತ್ರೆಯಲ್ಲಿ ಈ ಕಥೆಗೆ ಮತ್ತೆ ಜೀವ ಬರುತ್ತದೆ. ಮನೆಯಲ್ಲಿ ಮಾತು ಕಳೆದುಕೊಂಡ ಹೆಣ್ಣು ಹಿಂಗಾರ ಹಿಡಿದು ಹತ್ತಾರು ಹೆಂಗಸರ ನಡುವೆ ನಿಲ್ಲುತ್ತಾಳೆ. ಸಿರಿಯ ಮಗ ಕುಮಾರನ ಆವೇಶ ಹೊತ್ತ ಪಾತ್ರಿ ಅವಳೊಂದಿಗೆ ಮಾತಿಗಿಳಿದು, ಅವಳು ಯಾರೆಂದು ಅವಳ ಬಾಯಿಂದಲೇ ಹೊರಡಿಸುತ್ತಾನೆ. ಮನೆಯವರು ನಿಂತು ಕೇಳುತ್ತಾರೆ. ಭಕ್ತರಿಗೆ ಅದು ದೈವದ ಆವೇಶ, ಆ ನಂಬಿಕೆಯನ್ನು ಅಲುಗಿಸುವುದು ನನ್ನ ಉದ್ದೇಶವಲ್ಲ. ಅಲ್ಲಿ ಯಾವ ಹೆಣ್ಣೂ ಒಂಟಿಯಾಗಿ ಮಾತನಾಡುವುದಿಲ್ಲ, ಅವಳ ದನಿಯ ಹಿಂದೆ ಉಳಿದ ಹೆಂಗಸರ ದನಿಯೂ ಇರುತ್ತದೆ ಎಂಬುದನ್ನು ಮಾತ್ರ ನೋಡಿ.

ಒಬ್ಬರೇ ಎದ್ದವರು ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಮೂಡುಬಿದಿರೆಯಲ್ಲೇ ಹದಿನಾರನೆಯ ಶತಮಾನದ ಜೈನ ಕವಿ ರತ್ನಾಕರವರ್ಣಿ ಇದ್ದಾನೆ. ತನ್ನ ‘ಭರತೇಶ ವೈಭವ’ಕ್ಕೆ ಆನೆಯ ಮೇಲಿನ ಮೆರವಣಿಗೆ ಸಿಗದೆ, ಜೈನ ಮಠದ ಭಟ್ಟಾರಕರೊಂದಿಗೆ ಮನಸ್ತಾಪವಾಗಿ, ಮತವನ್ನೇ ಬಿಟ್ಟು ಹೋಗಿ ಮತ್ತೆ ಮರಳಿದ ಎಂದು ಐತಿಹ್ಯ. ಕಾವ್ಯವೇ ಅವನ ಬಲವಾಗಿರಲಿಲ್ಲವೇ? ಇರಬಹುದು. ಆದರೆ ಅದೇ ಐತಿಹ್ಯ ಇನ್ನೊಂದು ಮಾತನ್ನೂ ಉಳಿಸಿಕೊಂಡಿದೆ: ಊರಿನ ಶ್ರಾವಕರು, ಎಂದರೆ ಜೈನ ಗೃಹಸ್ಥರು, ಅವನಿಗೆ ಊಟ ಹಾಕಬಾರದೆಂದು ಕಟ್ಟಳೆಯಾದಾಗ ಅವನು ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಧೈರ್ಯ ಕೊಡಬೇಕಾದ ಊರೇ ಎಷ್ಟೋ ಸಲ ಧೈರ್ಯಗೆಡಿಸುತ್ತದೆ. ವ್ಯಾಪಾರ ಮುಳುಗಿದವನನ್ನೂ ಗಂಡನ ಮನೆ ಬಿಟ್ಟು ಬಂದವಳನ್ನೂ ಕೊಂಕು ಮಾತಿನಿಂದ ಚುಚ್ಚುವವರು ನೆರೆಹೊರೆಯವರೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಏಕಾಂತವೇ ಮದ್ದು ಎಂದಾಗುವುದಿಲ್ಲ. ಸಿರಿ ಸತ್ಯನಾಪುರದಲ್ಲಿ ಬೇಡುತ್ತಾ ಕೂರಲಿಲ್ಲ, ತನ್ನನ್ನು ಕೇಳಿಸಿಕೊಳ್ಳುವ ಬೇರೆ ಮನೆಗೆ ನಡೆದಳು.

ಪದವೊಂದು ಬಳಸಿ ಬಳಸಿ ಸವೆಯುವುದೂ ಉಂಟು. ನೇತ್ರಾವತಿ ನದಿ ಉಕ್ಕಿದಾಗ, ಅಪಘಾತವಾದಾಗ ಗಣ್ಯರು ಭೇಟಿ ಕೊಟ್ಟು ‘ಧೈರ್ಯ ತುಂಬಿದರು’ ಎಂದು ವರದಿಯಾಗುತ್ತದೆ. ಹತ್ತು ನಿಮಿಷ ನಿಂತು ಹೊರಟವರು ಅಷ್ಟು ಬೇಗ ಏನನ್ನು ತುಂಬಲು ಸಾಧ್ಯ? ಧೈರ್ಯ ಹೇಳುವವರು ಮತ್ತೆ ಮತ್ತೆ ಬರಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಇದನ್ನು ಅರಿತಿವೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಅವರಿಗೆ ಧೈರ್ಯ ಹೇಳುವವರು ಅದೇ ದಾರಿಯಲ್ಲಿ ಬಿದ್ದು ಎದ್ದವರು. ಶಾಲೆಗಳ ವಿಷಯದಲ್ಲೂ ಒಂದು ಒಳ್ಳೆಯ ಬದಲಾವಣೆ ಆಗಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ಪರೀಕ್ಷೆ 1, ಪರೀಕ್ಷೆ 2 ಎಂಬ ಸಂಖ್ಯೆಯ ಹೆಸರುಗಳು ಬಂದವು. ಸೋತವರಿಗೆಂದೇ ಇದ್ದ ಆ ಬೇರೆ ಹೆಸರು ಈಗಿಲ್ಲ. ಹೆಸರು ಬದಲಾದ ಮಾತ್ರಕ್ಕೆ ಫಲಿತಾಂಶದ ದಿನ ಕೋಣೆಯ ಬಾಗಿಲು ಹಾಕಿಕೊಂಡ ಹುಡುಗಿ ಹೊರಬರುವುದಿಲ್ಲ. ನಿಮ್ಮ ಕೇರಿಯಲ್ಲಿ ಅಂಥವಳೊಬ್ಬಳಿದ್ದರೆ ಫೋನಿನಲ್ಲಿ ಉಪದೇಶ ಕಳುಹಿಸಬೇಡಿ. ಅವಳ ಮನೆಗೆ ಹೋಗಿ, ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನ ಶಾಲೆಯವರೆಗೂ ಅವಳ ಜೊತೆ ನಡೆಯಿರಿ.