ಒಂದು ಗ್ರಾಂ ತೂಕ, ಎಂಟು ಕಿಲೋ ಎಳೆತ

ಇವತ್ತಿನ ಎಪಿಸೋಡ್ ಸ್ಪಿಂಡಲ್ ಬಗ್ಗೆ. ಸಿಎನ್‌ಸಿ ಮಿಲ್ಲಿಂಗ್ ಮೆಷಿನ್‌ನಲ್ಲಿ ಕಟ್ಟರ್ ಹಿಡ್ಕೊಂಡು ತಿರುಗುತ್ತಲ್ಲ, ಆ ಶಾಫ್ಟ್. ನಾನು ಬಿ.ಕಾಂ ಓದಿದವನು, ನನಗೆ ಬ್ಯಾಲೆನ್ಸ್ ಅಂದ್ರೆ ಎರಡೂ ಕಡೆ ಟ್ಯಾಲಿ ಆಗಬೇಕು, ಅಷ್ಟೇ. ಇಲ್ಲಿ ಟ್ಯಾಲಿ ಆದ್ಮೇಲೂ ತಪ್ಪು ಉಳಿದಿರುತ್ತೆ.

ಮೊದಲು ಒಂದು ಲೆಕ್ಕ. ಸೆಂಟರ್‌ನಿಂದ 5 ಸೆಂ.ಮೀ. ದೂರದಲ್ಲಿ 1 ಗ್ರಾಂ ತೂಕ ಹೆಚ್ಚಿದೆ ಅಂದ್ಕೊಳ್ಳಿ. ನಿಮಿಷಕ್ಕೆ 1,200 ಸುತ್ತು ತಿರುಗಿದ್ರೆ ಅದರ ಎಳೆತ ಸುಮಾರು 80 ಗ್ರಾಂ ತೂಕದಷ್ಟು. 12,000 ಸುತ್ತಿಗೆ ಏರಿಸಿದ್ರೆ 8 ಕಿಲೋ! ವೇಗ 10 ಪಟ್ಟು, ಎಳೆತ 100 ಪಟ್ಟು. ಇದೆಲ್ಲ ಬೀಳೋದು ಬೇರಿಂಗ್ ಮೇಲೆ. ಬಾಲ್ ಬೇರಿಂಗ್ ಮೇಲಿನ ಹೊರೆ ಎರಡು ಪಟ್ಟಾದ್ರೆ, ಲೆಕ್ಕದ ಪ್ರಕಾರ ಅದರ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ.

ಈಗ ಹಿಂದಕ್ಕೆ ಹೋಗೋಣ. ಪ್ರತಿ ಶಾಫ್ಟಿಗೂ ಒಂದು ವೇಗ ಇರುತ್ತೆ, ಅಲ್ಲಿಗೆ ಬಂದಾಗ ವಿಪರೀತ ಅಲುಗಾಡುತ್ತೆ. 1869ರಲ್ಲಿ ಸ್ಕಾಟ್ಲೆಂಡಿನ ರಾಂಕಿನ್, ಆ ವೇಗ ದಾಟಿ ಓಡಿಸೋಕೆ ಆಗಲ್ಲ ಅಂತ ಬರೆದ. ದೊಡ್ಡ ಹೆಸರು, ಎಲ್ಲರೂ ನಂಬಿದ್ರು. 1880ರ ದಶಕದಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ತನ್ನ ಸ್ಟೀಮ್ ಟರ್ಬೈನಿಗೆ ಬೇಕಂತಲೇ ತೆಳ್ಳಗಿನ, ಬಳುಕುವ ಶಾಫ್ಟ್ ಹಾಕಿದ. ಆ ವೇಗ ದಾಟಿದ ಮೇಲೆ ಟರ್ಬೈನ್ ತನ್ನ ತೂಕದ ಕೇಂದ್ರದ ಸುತ್ತ ತಾನೇ ಶಾಂತವಾಗಿ ತಿರುಗಿತು, 30,000 ಸುತ್ತಿನ ತನಕ.

ಸೂಪರ್ ಅಲ್ವಾ? ಆದ್ರೆ ಸ್ಪಿಂಡಲ್‌ಗೆ ಈ ಐಡಿಯಾ ನಡೆಯಲ್ಲ. ಸ್ಪಿಂಡಲ್ ಬಳುಕಿದ್ರೆ ಜಾಬ್ ಕೆಡುತ್ತೆ. ಅದು ಗಟ್ಟಿಯಾಗೇ ಇರಬೇಕು, ಹಾಗಾಗಿ ತೂಕ ಸರಿ ಮಾಡದೇ ಬೇರೆ ದಾರಿ ಇಲ್ಲ.

ಹಳೇ ವಿಧಾನ ಸುಲಭ. ಶಾಫ್ಟನ್ನ ಎರಡು ಚೂಪಾದ ಪಟ್ಟಿಗಳ ಮೇಲೆ ಇಡೋದು, ಭಾರದ ಕಡೆ ಕೆಳಗೆ ಉರುಳಿ ಬರುತ್ತೆ, ಅಲ್ಲಿ ಸ್ವಲ್ಪ ಕೊರೆಯೋದು. ಆದ್ರೆ ಒಂದು ತುದಿಯ ಮೇಲ್ಗಡೆ, ಇನ್ನೊಂದು ತುದಿಯ ಕೆಳಗಡೆ ಸಮ ಭಾರ ಇದ್ರೆ? ಪಟ್ಟಿ ಮೇಲೆ ಅಲುಗಾಡದೆ ಕೂತಿರುತ್ತೆ. ಓಡಿಸಿದ ತಕ್ಷಣ ಎರಡು ತುದಿಗಳೂ ಎದುರುಬದುರು ಎಳೀತಾವೆ. ತಿರುಗಿಸದೇ ಈ ತಪ್ಪು ಕಾಣೋದೇ ಇಲ್ಲ. 1907ರಲ್ಲಿ ಜರ್ಮನಿಯ ಫ್ರಾಂಟ್ಸ್ ಲಾವಾಚೆಕ್, ತಿರುಗಿಸಿಯೇ ಅಳೆಯೋ ಮೆಷಿನ್ ಮಾಡಿದ. ಡಾರ್ಮ್‌ಸ್ಟಾಟ್‌ನ ಶೆಂಕ್ ಕಂಪನಿ ಅದನ್ನ ಮಾರುಕಟ್ಟೆಗೆ ತಂತು. ಟಯರ್ ಅಂಗಡೀಲಿ ಕಾರಿನ ರಿಮ್ಮಿಗೆ ಒಳಗೊಂದು ಹೊರಗೊಂದು ತೂಕ ಹಾಕ್ತಾರಲ್ಲ, ಅದೂ ಇದೇ ಲಾಜಿಕ್.

ಇಷ್ಟಾದರೂ ಬೇರಿಂಗ್ ಹೋಗ್ತಾನೇ ಇರುತ್ತೆ, ಮೊದಲು ಬೈಸ್ಕೊಳ್ಳೋದು ಆಪರೇಟರ್. ಎಷ್ಟೋ ಸಲ ತಪ್ಪು ಇರೋದು ಸ್ಪಿಂಡಲ್‌ನಲ್ಲಿ ಅಲ್ಲ, ಅದಕ್ಕೆ ಸಿಕ್ಕಿಸೋ ಟೂಲ್ ಹೋಲ್ಡರ್‌ನಲ್ಲಿ. ಅಮೆರಿಕದ ಕ್ಯಾಟ್ ಮಾದರಿ ಹೋಲ್ಡರ್ ನೋಡಿ: ಎರಡು ಸ್ಲಾಟ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಆಳ. ಅಂದ್ರೆ ಡ್ರಾಯಿಂಗ್‌ನಲ್ಲೇ ತೂಕ ಒಂದು ಕಡೆಗೆ. ಕಟ್ಟರ್ ಹಿಡಿಯೋ ಸೈಡ್ ಸ್ಕ್ರೂ ಬೇರೆ! ಅದಕ್ಕೇ ಹೈಸ್ಪೀಡ್ ಕೆಲಸದಲ್ಲಿ ಹೋಲ್ಡರ್, ಕಟ್ಟರ್ ಎರಡನ್ನೂ ಜೋಡಿಸಿ, ಒಟ್ಟಿಗೇ ಬ್ಯಾಲೆನ್ಸ್ ಮಾಡ್ತಾರೆ. ಕಟ್ಟರ್ ಬದಲಿಸಿದ್ರೆ ಮತ್ತೆ ಮೊದಲಿಂದ.