ಕನ್ನಡ ಸಂಘಗಳ ಏಕೋದ್ದೇಶವೂ ಆತ್ಮಪರೀಕ್ಷೆಯೂ

ಅನೇಕ ಸಂಘಗಳು ಒಂದೇ ಕಾರ್ಯವನ್ನು ಕೈಕೊಂಡಾಗ ಅವುಗಳಲ್ಲಿ ಸಮಾನವಾದ ಉದ್ದೇಶವು ಹೇಗೆ ನೆಲೆಗೊಳ್ಳುತ್ತದೆಂಬುದು ಚರಿತ್ರಕಾರನು ವಿಚಾರಿಸತಕ್ಕ ವಿಷಯಗಳಲ್ಲೊಂದು. ನಿಬಂಧನೆಗಳಲ್ಲಿ ಉದ್ದೇಶವನ್ನು ಬರೆದಿಡುವುದು ಸುಲಭ. ಅದು ತಮ್ಮ ನಡೆವಳಿಯಲ್ಲಿ ಎಷ್ಟರಮಟ್ಟಿಗೆ ಇಳಿದಿದೆಯೆಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಕಠಿನ. 1890 ರಿಂದ 1950 ರ ವರೆಗಿನ ಅರುವತ್ತು ವರ್ಷಗಳ ಕನ್ನಡ ಸಾಹಿತ್ಯಸಂಸ್ಥೆಗಳ ಚರಿತ್ರೆಯು ಈ ವಿಚಾರಕ್ಕೆ ಉತ್ತಮವಾದ ಸಾಮಗ್ರಿಯನ್ನು ಒದಗಿಸುತ್ತದೆ. ಅದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬೇಕೆಂದಿದ್ದೇವೆ.

ಆ ಕಾಲದಲ್ಲಿ ಕನ್ನಡಿಗರು ಯಾವ ಸ್ಥಿತಿಯಲ್ಲಿದ್ದರೆಂಬುದನ್ನು ಮೊದಲು ನೆನೆಯಬೇಕು. ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಆಧಿಪತ್ಯಗಳು, ನಿಜಾಮರ ರಾಜ್ಯ, ಕೊಡಗು, ಇವಲ್ಲದೆ ಜಮಖಂಡಿಯಂತಹ ಸಣ್ಣ ಸಂಸ್ಥಾನಗಳು, ಹೀಗೆ ನಾಡು ಹರಿದು ಹಂಚಿಹೋಗಿತ್ತು. ತಾಲ್ಲೂಕಿನ ಅಧಿಕಾರಿಯನ್ನು ಮೈಸೂರಿನವನು ಅಮಲ್ದಾರನೆಂದರೆ ಧಾರವಾಡದವನು ಮಾಮಲೇದಾರನೆನ್ನುವನು. ಬಳ್ಳಾರಿಯವನು ತಹಸೀಲ್ದಾರನೆಂದರೆ ಕೊಡಗಿನವನು ಸುಬೇದಾರನೆನ್ನುವನು. ಕಚೇರಿಯ ಮಾತು ಹೀಗೆ ಭಿನ್ನವಾಗಿರುವಾಗ ಪಾಠಪುಸ್ತಕದ ಭಾಷೆ, ಶಾಸ್ತ್ರಗಳ ಪರಿಭಾಷೆ ಮುಂತಾದುವು ಬೇರೆ ಬೇರೆ ದಾರಿಯನ್ನು ಹಿಡಿಯುವುದು ಸಹಜವೇ ಸರಿ. ಆದುದರಿಂದ ಒಂದೊಂದು ಪ್ರಾಂತದ ಸಂಘವೂ ತನ್ನ ಮುಂದಿದ್ದ ಕಷ್ಟವನ್ನೇ ಕನ್ನಡದ ಮುಖ್ಯವಾದ ಕಷ್ಟವೆಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ.

ಧಾರವಾಡದಲ್ಲಿ 1890 ರ ಜುಲೈ 20 ರಂದು ಕರ್ಣಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಅದರ ಪ್ರವರ್ತಕರು ರಾ. ಹ. ದೇಶಪಾಂಡೆಯವರು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡವು ಬದುಕಬೇಕಾಗಿದ್ದ ಆ ಪ್ರಾಂತದಲ್ಲಿ ಗ್ರಂಥಗಳನ್ನು ಬರೆಯಿಸುವುದು, ಪ್ರಕಟಿಸುವುದು, ಓದುವವರನ್ನು ಬೆಳೆಯಿಸುವುದು ಇವೇ ಸಂಘದ ಮೊದಲ ಕರ್ತವ್ಯಗಳಾದುವು. 1896 ರಲ್ಲಿ ಅದು ‘ವಾಗ್ಭೂಷಣ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿತು. ಆಲೂರು ವೆಂಕಟರಾಯರ ಪ್ರಯತ್ನದಿಂದ 1907 ಮತ್ತು 1908 ರಲ್ಲಿ ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನಗಳು ನಡೆದುವು. ಬೇರೆ ಬೇರೆ ಸೀಮೆಗಳ ಲೇಖಕರು ಒಂದೆಡೆ ಕುಳಿತು, ತಾವು ಬರೆಯುತ್ತಿರುವುದು ಒಂದೇ ಭಾಷೆಯೆಂಬುದನ್ನು ಪ್ರತ್ಯಕ್ಷವಾಗಿ ಅನುಭವಿಸುವ ಅವಕಾಶವು ಈ ಸಮ್ಮೇಳನಗಳಿಂದ ಉಂಟಾಯಿತು.

ಮೈಸೂರಿನ ಮಾರ್ಗವು ಬೇರೆ. ಅಲ್ಲಿ ಕನ್ನಡಕ್ಕೆ ರಾಜಾಶ್ರಯವಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911 ರಲ್ಲಿ ಏರ್ಪಟ್ಟ ಮೈಸೂರು ಸಂಪದಭ್ಯುದಯ ಸಮಾಜದಲ್ಲಿ ನಡೆದ ಆಲೋಚನೆಗಳ ಫಲವಾಗಿ 1915 ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿತು. ಎಚ್. ವಿ. ನಂಜುಂಡಯ್ಯನವರು ಅದರ ಮೊದಲನೆಯ ಅಧ್ಯಕ್ಷರಾದರು. ಧಾರವಾಡದ ಸಂಘಕ್ಕೆ ಉಳಿವಿನ ಚಿಂತೆಯಾದರೆ ಬೆಂಗಳೂರಿನ ಪರಿಷತ್ತಿಗೆ ಪರಿಷ್ಕಾರದ ಚಿಂತೆ. ಒಂದು ಜನರ ಕೊರಗಿನಿಂದ ಹುಟ್ಟಿತು. ಇನ್ನೊಂದು ಆಡಳಿತದ ಆಲೋಚನೆಯಿಂದ. ಎರಡೂ ‘ಕರ್ಣಾಟಕ’ವೆಂಬ ಹೆಸರನ್ನು ಧರಿಸಿದ್ದರೂ ಆ ಹೆಸರಿನಿಂದ ಅವು ಕಾಣುತ್ತಿದ್ದ ನಾಡಿನ ರೂಪವು ಒಂದೇ ಆಗಿತ್ತೆಂದು ಹೇಳಲಾಗದು.

ಈ ಎರಡು ದೃಷ್ಟಿಗಳು ಸಮೀಪಿಸಿದ ಬಗೆಯನ್ನು ತಿಳಿಯಲು ಸಾಹಿತ್ಯ ಸಮ್ಮೇಳನಗಳ ಪಟ್ಟಿಗಿಂತ ಉತ್ತಮವಾದ ಸಾಧನವಿಲ್ಲ. ಮೊದಲನೆಯ ಎರಡು ಸಮ್ಮೇಳನಗಳು ಬೆಂಗಳೂರಿನಲ್ಲಿ, ಮೂರನೆಯದು 1917 ರಲ್ಲಿ ಮೈಸೂರಿನಲ್ಲಿ ನಡೆದುವು. ಮೂರಕ್ಕೂ ನಂಜುಂಡಯ್ಯನವರೇ ಅಧ್ಯಕ್ಷರು. ಇಷ್ಟರಲ್ಲಿಯೇ ನಿಂತಿದ್ದರೆ ಪರಿಷತ್ತು ಮೈಸೂರಿನ ಸಂಸ್ಥೆಯಾಗಿಯೇ ಉಳಿಯುತ್ತಿತ್ತು. ಆದರೆ 1918 ರಲ್ಲಿ ನಾಲ್ಕನೆಯ ಸಮ್ಮೇಳನವು ಧಾರವಾಡದಲ್ಲಿ ಸೇರಿತು. ಅಲ್ಲಿಂದ ಮುಂದೆ ಹೊಸಪೇಟೆ, ಬಿಜಾಪುರ, ಬೆಳಗಾವಿ, ಬಳ್ಳಾರಿ, ಮಂಗಳೂರು, ಕಲಬುರ್ಗಿ, ಕಾರವಾರ, ಮಡಿಕೇರಿ, ರಾಯಚೂರು, ಜಮಖಂಡಿ, ಹೀಗೆ ಅದು ನಾಡೆಲ್ಲ ಸಂಚರಿಸಿತು. ಮುಂಬಯಿ, ಹೈದರಾಬಾದು, ಮದರಾಸುಗಳಿಗೂ ಹೋಯಿತು. 1915 ರಿಂದ 1950 ರ ವರೆಗೆ ನಡೆದ 33 ಸಮ್ಮೇಳನಗಳಲ್ಲಿ ಮೈಸೂರು ಸೀಮೆಯಲ್ಲಿ ಸೇರಿದುವು 9 ಮಾತ್ರ. ಉಳಿದ 24 ಹೊರಗಿನವು.

ಸ್ಥಳಗಳನ್ನು ಎಣಿಸಿದರೆ ಸಾಲದು, ಅಧ್ಯಕ್ಷರನ್ನೂ ಗಮನಿಸಬೇಕು. ಧಾರವಾಡದ ಸಮ್ಮೇಳನಕ್ಕೆ ಮೈಸೂರಿನ ಆರ್. ನರಸಿಂಹಾಚಾರ್ಯರು ಅಧ್ಯಕ್ಷರಾದರು. 1926 ರಲ್ಲಿ ಬಳ್ಳಾರಿಗೆ ಬಿಜಾಪುರದ ಫ. ಗು. ಹಳಕಟ್ಟಿಯವರು, 1928 ರಲ್ಲಿ ಕಲಬುರ್ಗಿಗೆ ಬಿ. ಎಂ. ಶ್ರೀಕಂಠಯ್ಯನವರು, 1929 ರಲ್ಲಿ ಬೆಳಗಾವಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, 1931 ರಲ್ಲಿ ಕಾರವಾರಕ್ಕೆ ಮುಳಿಯ ತಿಮ್ಮಪ್ಪಯ್ಯನವರು, 1932 ರಲ್ಲಿ ಮಡಿಕೇರಿಗೆ ಡಿ. ವಿ. ಗುಂಡಪ್ಪನವರು, 1934 ರಲ್ಲಿ ರಾಯಚೂರಿಗೆ ಪಂಜೆ ಮಂಗೇಶರಾಯರು ಬಂದರು. ಹೀಗೆ ಒಂದು ಸೀಮೆಯವರು ಕರೆದ ಸಭೆಯ ಪೀಠದಲ್ಲಿ ಮತ್ತೊಂದು ಸೀಮೆಯ ವಿದ್ವಾಂಸನು ಕುಳಿತುಕೊಳ್ಳುವ ಪದ್ಧತಿಯು ಬೆಳೆಯಿತು. ಅತಿಥೇಯರು ತಮ್ಮ ಭಾಷೆಯ ಗುಣದೋಷಗಳನ್ನು ಹೊರಗಿನವನ ಬಾಯಿಂದ ಕೇಳಿದರು. ಅಧ್ಯಕ್ಷನೂ ತಾನು ಪುಸ್ತಕದಲ್ಲಿ ಕಂಡ ಕನ್ನಡವಲ್ಲದೆ ಬೇರೆ ಕನ್ನಡವೂ ಉಂಟೆಂಬುದನ್ನು ಕಿವಿಯಾರೆ ಕೇಳಿ ಹಿಂದಿರುಗಿದನು. ಯಾವ ನಿಬಂಧನೆಯೂ ಉಂಟುಮಾಡಲಾರದ ಪರಸ್ಪರ ಪರಿಚಯವನ್ನು ಈ ಏರ್ಪಾಟು ಉಂಟುಮಾಡಿತೆಂಬುದು ನಮ್ಮ ಅಭಿಪ್ರಾಯ.

ಇದರಲ್ಲಿ ಇನ್ನೂ ಒಂದು ಸಂಗತಿಯುಂಟು. ಮೈಸೂರು ಸೀಮೆಯಲ್ಲಿ ಸೇರಿದ 9 ಸಮ್ಮೇಳನಗಳಲ್ಲಿ ಮೊದಲಿನ 7 ಕ್ಕೂ ಅದೇ ಸೀಮೆಗೆ ಸೇರಿದವರೇ ಅಧ್ಯಕ್ಷರು. ತನ್ನ ವಿದ್ವಾಂಸರನ್ನು ಹೊರಗೆ ಕಳುಹಿಸುತ್ತಿದ್ದ ಮೈಸೂರು, ಹೊರಗಿನವರನ್ನು ತನ್ನ ಮನೆಯ ಪೀಠಕ್ಕೆ ಕರೆಯಲು ಹದಿನೈದು ವರ್ಷಗಳನ್ನು ತೆಗೆದುಕೊಂಡಿತು. 1930 ರಲ್ಲಿ ಮೈಸೂರಿನ ಸಮ್ಮೇಳನಕ್ಕೆ ಧಾರವಾಡದ ಆಲೂರು ವೆಂಕಟರಾಯರು ಅಧ್ಯಕ್ಷರಾದುದು ಈ ಕಾರಣದಿಂದ ಸಾಮಾನ್ಯವಾದ ಘಟನೆಯಲ್ಲ. ಕರ್ಣಾಟಕದ ಏಕೀಕರಣಕ್ಕಾಗಿ ಬಾಳನ್ನು ಮುಡಿಪಾಗಿಟ್ಟ ಪುರುಷನು ಅರಸರ ರಾಜಧಾನಿಯಲ್ಲಿ ಕನ್ನಡಿಗರೆಲ್ಲರ ಪರವಾಗಿ ಮಾತನಾಡುವ ಅಧಿಕಾರವನ್ನು ಪಡೆದನು. 1943 ರಲ್ಲಿ ಶಿವಮೊಗ್ಗೆಯ ಪೀಠವನ್ನು ದ. ರಾ. ಬೇಂದ್ರೆಯವರು ಅಲಂಕರಿಸಿದರು. ಸಹಕಾರವೆಂದರೆ ಕೊಡುವುದರಂತೆ ಕೊಳ್ಳುವುದೂ ಹೌದೆಂಬುದನ್ನು ಪರಿಷತ್ತು ಕಲಿತುದಕ್ಕೆ ಇವೆರಡೂ ಸಾಕ್ಷಿಗಳು.

1938 ರಲ್ಲಿ ಪರಿಷತ್ತು ತನ್ನ ಹೆಸರನ್ನು ‘ಕನ್ನಡ ಸಾಹಿತ್ಯ ಪರಿಷತ್ತು’ ಎಂದು ಬದಲಾಯಿಸಿಕೊಂಡಿತು. ನಾಡಿನ ಹೆಸರಿಗೆ ಬದಲಾಗಿ ನುಡಿಯ ಹೆಸರು ಬಂದುದರಲ್ಲಿ ಆಳವಾದ ಔಚಿತ್ಯವು ತೋರುತ್ತದೆ. ನಾಡಿನ ಗಡಿಯು ರಾಜಕೀಯದಿಂದ ನಿರ್ಣಯವಾಗತಕ್ಕದ್ದು. ನುಡಿಯ ವ್ಯಾಪ್ತಿಯು ಆಡುವವರಿಂದ. 1948 ರಲ್ಲಿ ಕಾಸರಗೋಡಿನಲ್ಲಿಯೂ 1950 ರಲ್ಲಿ ಸೊಲ್ಲಾಪುರದಲ್ಲಿಯೂ ಸಮ್ಮೇಳನಗಳು ಸೇರಿದುವು. 1956 ರ ನವೆಂಬರ್ 1 ರಂದು ರಾಜ್ಯಗಳು ಪುನರ್ವಿಂಗಡಿಸಲ್ಪಟ್ಟಾಗ ಈ ಎರಡು ಊರುಗಳೂ ಕನ್ನಡ ರಾಜ್ಯದ ಹೊರಗುಳಿದುವು. ಆ ರಾಜ್ಯಕ್ಕೆ ಕರ್ಣಾಟಕವೆಂಬ ಹೆಸರು ಬಂದುದು 1973 ರಲ್ಲಿ. ಸಂಘಗಳು ಕಂಡ ನಾಡು ಮೊದಲಿನದು, ದೊಡ್ಡದು. ಭೂಪಟದ ನಾಡು ಅನಂತರದ್ದು, ಸಣ್ಣದು.

ಹೀಗೆಂದು ಎಲ್ಲವೂ ನಿರ್ದುಷ್ಟವಾಗಿತ್ತೆಂದು ಹೇಳಿದರೆ ಚರಿತ್ರೆಗೆ ದ್ರೋಹವಾದೀತು. ಪ್ರಾಂತಭೇದವನ್ನು ಗುರುತಿಸಿ ತಿದ್ದಿಕೊಂಡ ಸಂಸ್ಥೆಗಳಿಗೆ ತಮ್ಮ ಮನೆಯೊಳಗಿನ ಭೇದವೊಂದು ಕಾಣಲಿಲ್ಲ. ನಂಜನಗೂಡು ತಿರುಮಲಾಂಬೆಯವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದುದು 1913 ರಲ್ಲಿ, ಪರಿಷತ್ತು ಹುಟ್ಟುವುದಕ್ಕಿಂತ ಮೊದಲು. ಆದರೂ ಆ 33 ಸಮ್ಮೇಳನಗಳಲ್ಲಿ ಒಂದಕ್ಕಾದರೂ ಮಹಿಳೆಯು ಅಧ್ಯಕ್ಷಳಾಗಲಿಲ್ಲ. 1974 ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರಾದಾಗ ಮೊದಲನೆಯ ಸಮ್ಮೇಳನವು ನಡೆದು 59 ವರ್ಷಗಳು ಕಳೆದಿದ್ದುವು. ಗಡಿಯಾಚೆಯ ಊರಿನ ಮಹಿಳೆಯೊಬ್ಬರನ್ನು ಹಳೆಯ ಮೈಸೂರಿನ ನಡುವೆ ಕೂರಿಸಿದ ಆ ದಿನ, ಪ್ರಾಂತದ ಪಾಠವೂ ಹೆಣ್ಣಿನ ಪಾಠವೂ ಒಂದೇ ಪೀಠದಲ್ಲಿ ಕೂಡಿದುವು.

ಈ ಚರಿತ್ರೆಯಿಂದ ನಾವು ತಿಳಿಯತಕ್ಕದ್ದು ಇಷ್ಟು. ಧಾರವಾಡದ ಸಂಘವಾಗಲಿ ಬೆಂಗಳೂರಿನ ಪರಿಷತ್ತಾಗಲಿ ಒಂದರೊಳಗೊಂದು ಲೀನವಾಗಲಿಲ್ಲ. ಎರಡೂ ಇಂದಿಗೂ ಪ್ರತ್ಯೇಕವಾಗಿ ಬಾಳುತ್ತಿವೆ. ಪರರ ಊರಿಗೆ ಹೋಗಿ ಕೇಳುವ, ಪರರನ್ನು ತಮ್ಮ ಪೀಠಕ್ಕೆ ಕರೆಯುವ ಅಭ್ಯಾಸದಿಂದ ಅವುಗಳ ಉದ್ದೇಶವು ಒಂದಾಯಿತು. ಯಾವ ಸಂಘವಾದರೂ ತನ್ನ ಆತ್ಮಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂದಿದ್ದರೆ ತನ್ನ ವರದಿಯನ್ನು ಓದುವುದಕ್ಕೆ ಮೊದಲು ತನ್ನ ಅಧ್ಯಕ್ಷರ ಪಟ್ಟಿಯನ್ನು ಓದಲಿ. ಅಲ್ಲಿ ಯಾರ ಹೆಸರುಗಳಿಲ್ಲವೋ ಅವರನ್ನು ಕರೆಯುವುದೇ ಅದರ ಮುಂದಿನ ಕಾರ್ಯ.