ಅನ್ವಯಿಕ ಮತ್ತು ಗಣನಾತ್ಮಕ ಗಣಿತ: ಸ್ನಾತಕೋತ್ತರ ವ್ಯಾಸಂಗ
ನಿಸರ್ಗ ಮತ್ತು ತಂತ್ರಜ್ಞಾನದ ಸಮಸ್ಯೆಗಳನ್ನು ಸಮೀಕರಣಗಳಾಗಿ ರೂಪಿಸಿ ಕಂಪ್ಯೂಟರಿನಲ್ಲಿ ಬಿಡಿಸಲು ಕಲಿಸುವ ವ್ಯಾಸಂಗ. ಭಾರತದಲ್ಲಿ ಎಂ.ಎಸ್ಸಿ. ಸಾಮಾನ್ಯವಾಗಿ 2 ವರ್ಷ, 4 ಸೆಮಿಸ್ಟರುಗಳದು; ಐಐಟಿಗಳ ಪ್ರವೇಶಕ್ಕೆ ಜ್ಯಾಮ್ ಪರೀಕ್ಷೆಯಿದೆ. ರೇಖೀಯ ಬೀಜಗಣಿತ, ಆಂಶಿಕ ಅವಕಲ ಸಮೀಕರಣ, ಪ್ರೋಗ್ರಾಮಿಂಗ್ ತಳಹದಿಯಾದರೆ, ಸಂಖ್ಯಾತ್ಮಕ ವಿಶ್ಲೇಷಣೆಯೇ ಜೀವಾಳ.

ಇದಕ್ಕೆ ಉದಾಹರಣೆಯಾಗಿ ಕಬ್ಬಿಣದ ಸಲಾಕೆಯಲ್ಲಿ ಶಾಖ ಹರಡುವ ಲೆಕ್ಕವನ್ನೇ ನೋಡಬಹುದು. ಸಲಾಕೆಯನ್ನು ಸಮಾನ ತುಂಡುಗಳಾಗಿ ವಿಭಾಗಿಸಿ, ಕಾಲದಲ್ಲಿ ಹೆಜ್ಜೆಹೆಜ್ಜೆಯಾಗಿ ಮುಂದುವರಿಯುತ್ತಾರೆ. ಹಿಂದಿನ ಹೆಜ್ಜೆಯ ಬೆಲೆಗಳಿಂದಲೇ ಮುಂದಿನದನ್ನು ನೇರವಾಗಿ ಲೆಕ್ಕಹಾಕುವ ವ್ಯಕ್ತ ವಿಧಾನದಲ್ಲಿ, ಶಾಖ ಪ್ರಸರಣದ ಗುಣಾಂಕವನ್ನು ಕಾಲದ ಹೆಜ್ಜೆಯಿಂದ ಗುಣಿಸಿ, ತುಂಡಿನ ಉದ್ದದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 0.5 ಮೀರಬಾರದು. ಮೀರಿದರೆ ಅತಿ ಸಣ್ಣ ದೋಷವೂ ಬೆಳೆಯುತ್ತ ಹೋಗಿ ಉತ್ತರವನ್ನೇ ಕೆಡಿಸುತ್ತದೆ. ತುಂಡನ್ನು ಅರ್ಧಕ್ಕಿಳಿಸಿದರೆ ಹೆಜ್ಜೆಯನ್ನು ನಾಲ್ಕನೇ ಒಂದಕ್ಕೆ ಇಳಿಸಬೇಕು. ಕಾಲದ ಹೆಜ್ಜೆಗೆ ಮಿತಿ ಬೇಕೆಂಬುದನ್ನು ಗಣಿತಜ್ಞರಾದ ಕೂರಾಂಟ್, ಫ್ರೀಡ್ರಿಕ್ಸ್, ಲೇವಿ 1928ರಲ್ಲೇ, ಕಂಪ್ಯೂಟರ್ ಹುಟ್ಟುವ ಮೊದಲೇ, ತೋರಿಸಿದ್ದರೆಂಬುದು ವಿಶೇಷ.